ಗ್ರಹಗಳಿಗೊಂದು ಪೆನ್ ಡ್ರೈವ್

“ಕಂಪ್ಯೂಟರ್ ಪಕ್ಕೆಗೆ ಅದೇನ್ಲಾ ಚುಚ್ಚಿದ್ದೀಯ?”

ದೊಡ್ಡಬೀರಯ್ಯನ ದನಿಗೆ ರಿಪೇರಿ ಮಾದೇಶನ ಕೈ ಅಲ್ಲೇ ನಿಂತಿತು. ಹುಣಸೂರು ಬಸ್ ನಿಲ್ದಾಣದೆದುರು ನೀಲಕಂಠಸ್ವಾಮಿಯ ಕಂಪ್ಯೂಟರ್ ಜಾತಕದ ಅಂಗಡಿ ಅದು.

“ಪೆನ್ ಡ್ರೈವ್ ಕಣ್ರೀ. ಮೆಮೊರಿ ಸಾಲ್ದೆ ಏದುಸಿರು ಬುಡ್ತಿತ್ತು. ಇದಾಕುದ್ರೆ ಜೋರಾಗಿ ಓಡ್ತದೆ.”

ಮಾತು ನಿಜ. ಆದರೆ ಅಂದು ನೋಡಬೇಕಿದ್ದ ಸಾಲಾವಳಿ ಈ ಮಾದೇಶನದೇ, ದೊಡ್ಡಬೀರಯ್ಯನ ತಮ್ಮನ ಮಗಳು ಪ್ರಮೀಳಾಳ ಜೊತೆ. ಇಬ್ಬರೂ ಮೆಚ್ಚಿಕೊಂಡಿದ್ದರು. ಹುಡುಗನ ಜಾತಕ ವಾರದ ಹಿಂದೆಯೇ ಹುಡುಗಿಯ ಮನೆ ಸೇರಿತ್ತು. ತಂದೆಯಿಲ್ಲದ ಅವಳಿಗೆ ದೊಡ್ಡಪ್ಪನೇ ಹಿರಿಯ. ಸಾಲಾವಳಿ ಕೂಡದಿದ್ದರೆ ಮದುವೆ ಇಲ್ಲ ಎಂದು ಕಡ್ಡಿ ತುಂಡುಮಾಡಿದಂತೆ ಹೇಳಿದ್ದ.

ಹುಡುಗಿಯ ತಾಯಿ ಭಾಗ್ಯಮ್ಮ ಬೆಂಚಿನ ತುದಿಯಲ್ಲಿ ತುಟಿ ಬಿಗಿದು ಕೂತಿದ್ದಳು. ಅವಳಿಗೂ ಈ ಸಂಬಂಧ ಬೇಡವೇನೋ ಎಂದು ಮಾದೇಶನಿಗೆ ಅಳುಕು. ಸ್ವಾಮಿ ಕೇಳಿದ ಕೂಡಲೇ ಅವಳು ಮಗಳು ಹುಟ್ಟಿದ ಗಳಿಗೆಯನ್ನು ನಿಮಿಷದ ಸಮೇತ ಒಪ್ಪಿಸಿದಳು. ಪ್ರಮೀಳಾ ಹುಟ್ಟಿದ್ದು ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ; ತಾಯಿಯ ನೆನಪನ್ನು ಮೆಚ್ಚಲೇಬೇಕು.

ಗುಂಡಿ ಒತ್ತಿದ್ದೇ ತಡ, ಫಲ ಬಂತು. ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ.

“ಇದೇನ್ ಸ್ವಾಮಿ, ಎಲೆ ಅಡ್ಕೆ ಆಕೋವಷ್ಟೊತ್ತೂ ಬ್ಯಾಡ್ವಾ? ಒಂಬತ್ ಗ್ರಹಾನೂ ಇಷ್ಟ್ ಬಿರ್ನೆ ನೋಡ್ಬುಡ್ತಾ?” ದೊಡ್ಡಬೀರಯ್ಯ ಮಾದೇಶನತ್ತ ತಿರುಗಿದ. “ಆ ಕಡ್ಡೀಲೇ ಏನೋ ತುಂಬ್ಕೊಂಡ್ ಬಂದಿದ್ದೀಯ ಕಣ್ಲಾ. ನಾನ್ ಒಪ್ಪಾಕಿಲ್ಲ.”

ಆಗ ಭಾಗ್ಯಮ್ಮ ಬಾಯಿಬಿಟ್ಟಳು. “ಕೀಳ್ಸಿ ಭಾವ ಅದ್ನ. ನಿಧಾನುಕ್ಕೇ ನೋಡ್ಲಿ.”

 ಮಾದೇಶ ಅಳುಕುತ್ತಲೇ ಪೆನ್ ಡ್ರೈವ್ ಕಿತ್ತ. ಪರದೆಯ ಮೇಲೆ ಬಳೆಯಂಥ ಗುರುತು ಸುತ್ತತೊಡಗಿತು. ಮಡಿಕೇರಿ ಬಸ್ಸು ಬಂತು, ಹೋಯಿತು. ದೊಡ್ಡಬೀರಯ್ಯ ಎಲೆ ಅಡಿಕೆ ಹಾಕಿ ಮುಗಿಸಿದ. ಮಾದೇಶ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತ. ಭಾಗ್ಯಮ್ಮ ಮಾತ್ರ ಗೋಡೆಗೊರಗಿ ಹಾಯಾಗಿ ತೂಕಡಿಸಿದಳು.

ಮತ್ತೆ ಇಪ್ಪತ್ತೆಂಟು.

“ಈಗ ಸರಿ. ಯೋಚ್ನೆ ಮಾಡಿ ಹೇಳ್ಯದೆ” ಎಂದು ದೊಡ್ಡಬೀರಯ್ಯ ನಗುನಗುತ್ತಾ ಹಣ್ಣುಕಾಯಿ ತರಲು ಹೋದ.

ಮಾದೇಶ ಭಾಗ್ಯಮ್ಮನ ಕಾಲಿಗೆ ಬಿದ್ದ. ಅವಳು ಪೆನ್ ಡ್ರೈವನ್ನು ಆಸೆಯಿಂದ ತಿರುಗಿಸಿ ನೋಡಿ, ಅವನ ಕಿವಿಯ ಹತ್ತಿರ ಬಾಗಿದಳು.

“ಇದು ನೆನ್ನೆ ಪಿರಿಯಾಪಟ್ಣದ್ ಜಾತಕದಂಗ್ಡೀಲಿ ಇರ್ಬೇಕಿತ್ತು ಕಣಪ್ಪ. ಅವ್ಳ್ ಹುಟ್ಟಿದ್ ಗಳಿಗೆ ಬದ್ಲಾಯ್ಸಿ ಬದ್ಲಾಯ್ಸಿ ನಿಮ್ ಸಾಲಾವಳಿ ಕೂಡೋ ಹೊತ್ಗೆ ನನ್ ಬಸ್ಸೇ ಹೊಂಟೋಗಿತ್ತು.”