ಬಾಗಿಲ ಪಕ್ಕದ ಸಾಕ್ಷಿ

ಖಾನಾವಳಿಯ ಹೊಸ್ತಿಲಲ್ಲಿ ನಿಂತ ಗಂಡ ಹೆಂಡತಿ ‘ಹಲಾಲ್’ ಎಂಬ ಹಸಿರು ಬೋರ್ಡನ್ನು ನಂಬಲಿಲ್ಲ. ಹಣದ ಗಲ್ಲೆಯ ಹಿಂದೆ ಕೂತಿದ್ದ ಮಾಲೀಕ ಸಂಗಮೇಶನ ಹಣೆಯ ಕುಂಕುಮ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಬಾಗಿಲ ಪಕ್ಕದ ಮೇಜಿನ ಅಜ್ಜ ಕಣ್ಣಿಗೆ ಬಿದ್ದ. ಎದೆಯವರೆಗೆ ಬಿಳಿ ಗಡ್ಡ, ಹುಬ್ಬಿನವರೆಗೆ ಎಳೆದ ಬಿಳಿ ಟೊಪ್ಪಿಗೆ. ಇಬ್ಬರೂ ಒಳಗೆ ಬಂದರು.

ಮುದ್ದೇಬಿಹಾಳ ಬಸ್ ನಿಲ್ದಾಣದ ಎದುರಿನ ಆ ಖಾನಾವಳಿಯಲ್ಲಿ ಇದು ದಿನದ ಮಾತು. ಯಾರೂ ಬೋರ್ಡು ಓದಿ ಉಣ್ಣುವುದಿಲ್ಲ. ಒಳಗೆ ಯಾರು ಕೂತಿದ್ದಾರೆಂದು ನೋಡಿ ಉಣ್ಣುತ್ತಾರೆ. ಅಜ್ಜನನ್ನು ಹಿಂದಿನ ಮೂಲೆಯಿಂದ ಎಬ್ಬಿಸಿ ತಂದವನು ಸಂಗಮೇಶನೇ.

“ಇಲ್ಲೇ ಕುಂದರ್ರಿ ಅಜ್ಜಾರ, ಗಾಳಿ ಚಲೋ ಬರ್ತೈತಿ.”

ಗಾಳಿ ಅಷ್ಟೇನೂ ಬರುತ್ತಿರಲಿಲ್ಲ. ಜನ ಬರುತ್ತಿದ್ದರು.

ಹೆಂಡತಿ ಸತ್ತ ಮೇಲೆ ಅಜ್ಜನ ಎದುರು ಕೂತು ಉಂಡವರಿಲ್ಲ. ಇಲ್ಲಿ ಉಣ್ಣತೊಡಗಿದ ಮೇಲಂತೂ ಓಣಿಯವರು ಮನೆಗೆ ಕರೆಯುವುದನ್ನೂ ಬಿಟ್ಟಿದ್ದರು. ಈ ಮೇಜಿನಲ್ಲಿ ಮಾತ್ರ ಜನ ಸಲಾಂ ಹೇಳಿ, ಹೊರಟ ಊರು ಹೇಳಿ, ಮಕ್ಕಳ ಹೆಸರು ಹೇಳುತ್ತಿದ್ದರು. ಅವನು ಹಣೆಗೆ ಕೈ ಒಯ್ದು, ಮೊಸರನ್ನ ಕಲಸುತ್ತ ಕೇಳುತ್ತಿದ್ದ. ಶುಕ್ರವಾರ ಮಧ್ಯಾಹ್ನ ಆ ಕುರ್ಚಿ ಖಾಲಿ. ಯಾಕೆಂದು ಯಾರೂ ಕೇಳಲಿಲ್ಲ.

“ಇಲ್ಲಿ ಹಲಾಲ್ ಹೌದಲ್ರಿ?” ಎಂದು ಮೊದಲ ಸಲ ಯಾರೋ ಕೇಳಿದಾಗ ಅವನು ಏನೂ ಗೊತ್ತಿಲ್ಲದೆ ತಲೆಯಾಡಿಸಿದ್ದ. ಆ ದಿನ ತಾಟು ಅರ್ಧಕ್ಕೇ ಬಿಟ್ಟು ಎದ್ದ. ಮರುದಿನದಿಂದ ಪ್ರತಿ ಮುಂಜಾನೆ ಖಾನಾವಳಿಗೆ ಮಾಂಸ ಕೊಡುವ ಶಹಾಬುದ್ದೀನನ ಅಂಗಡಿ ಮುಂದೆ ನಿಂತು, ಅವನು ಬಿಸ್ಮಿಲ್ಲಾ ಹೇಳಿ ಕೊಯ್ಯುವುದನ್ನು ನೋಡಿ, ಮಾಂಸದ ಬುಟ್ಟಿಯ ಹಿಂದೆಯೇ ಖಾನಾವಳಿಯವರೆಗೆ ನಡೆದು ಬರುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ.

ಅಂದು ಒಳಗೆ ಬಂದ ದಂಪತಿ ತೌಸಿಫ ಮತ್ತು ಮುಬಿನ. ತಾಳಿಕೋಟೆಯಲ್ಲಿ ಮನೆ ಕಟ್ಟಿಸುತ್ತಿದ್ದರು; ಕೆಲಸ ನೋಡಲು ಸೋಮವಾರಕ್ಕೊಮ್ಮೆ ಹೋಗುವಾಗ ಇಲ್ಲಿ ಬಸ್ಸು ಬದಲಿಸುತ್ತಿದ್ದರು. ಮುಬಿನ ಉರ್ದುವಿನಲ್ಲಿ ಕೇಳಿದಳು, ಅಜ್ಜ ಕನ್ನಡದಲ್ಲಿ ಉತ್ತರಿಸಿದ. ಈ ಊರಲ್ಲಿ ಅದೇನೂ ವಿಶೇಷವಲ್ಲ. ಆಮೇಲೆ ಪ್ರತಿ ಸೋಮವಾರ ಅವರಿಗೆ ಅದೇ ಮೇಜು.

“ಚಾಚಾ, ನೀವು ಮಟನ್ ತಿನ್ನಂಗಿಲ್ಲೇನ್ರಿ?” ಎಂದಳು ಒಮ್ಮೆ.

“ಹಲ್ಲು ಎಲ್ಲಿ ಅದಾವು ಯವ್ವಾ?”

“ನಮ್ಮಂಥಾ ಹಲ್ಲಿದ್ದವ್ರಿಗೆ ಬಿಟ್ಟಾರ ನೋಡು,” ಎಂದು ತೌಸಿಫ ಎಲುಬು ಕಡಿದ.

ಎಷ್ಟೋ ತಿಂಗಳ ಮೇಲೆ ಅಜ್ಜ ಬಾಯ್ತುಂಬ ನಕ್ಕ.

ಏಳನೆಯ ಸೋಮವಾರ ಮುಬಿನ ತಾಟು ಮುಟ್ಟಲಿಲ್ಲ.

“ಐತವಾರ ಹೊಸಾ ಮನಿಗೆ ಹೋಗಾಕತ್ತೇವ್ರಿ ಚಾಚಾ. ನಮ್ಮ ಕಡಿ ಹಿರ್ಯಾರು ಯಾರೂ ಉಳಿದಿಲ್ಲ. ನೀವ ಮುಂದ ನಿಂತು ಅಲ್ಲಾಗ ದುವಾ ಮಾಡಬೇಕು.”

ಹೊಸ ಮನೆಗೆ ಅವನನ್ನು ಕರೆದು ಎಷ್ಟು ಕಾಲವಾಗಿತ್ತು! ಹೂಂ ಎಂದರೆ ಒಂದು ಮನೆ, ಮಕ್ಕಳಂಥ ಇಬ್ಬರು, ಹಬ್ಬಕ್ಕೊಂದು ಕರೆ. ಇಲ್ಲವೆಂದರೆ ಈ ಮೇಜೂ ಇಲ್ಲ. ಗಲ್ಲೆಯಿಂದ ಸಂಗಮೇಶ ಅವನನ್ನೇ ನೋಡುತ್ತಿದ್ದ; ಬಾಯಿ ಬಿಡಬೇಡ ಎನ್ನುವಂತೆ ಕಣ್ಣು ಸಣ್ಣ ಮಾಡಿದ.

ಅಜ್ಜ ಎಡಗೈಯಿಂದ ನೀರಿನ ಲೋಟ ಸರಿಸಿದ.

“ಮಾಂಸದ ಮಾತು ಖರೆ ಐತಿ ಯವ್ವಾ, ದಿನಾ ಕಣ್ಣಾರೆ ನೋಡೇನಿ. ಅದರಾಗ ಸುಳ್ಳಿಲ್ಲ.”

“ಅದು ಗೊತ್ತೈತ್ರಿ. ಐತವಾರ ಬರ್ತೀರಲ್ಲ?”

“ದುವಾಕ್ಕ ಬ್ಯಾರೆದವ್ರನ್ನ ಕರಕೋರಿ. ನಾ ಹಿರೇಮಠದ ಚನ್ನಬಸಯ್ಯ, ಜಂಗಮ.”