ಮರುಪೂಜೆ

ಬೂದುಗುಂಬಳಕಾಯಿ ಒಡೆದು ಪುಟ್ಟಮಲ್ಲಪ್ಪ ಇನ್ನೂ ಕೈ ತೊಳೆದಿರಲಿಲ್ಲ, ಒಳಗಿನಿಂದ ಹೆಂಡತಿ ಶಿವರತ್ನಮ್ಮನ ಗೂರಲು ಕೇಳಿಸಿತು. ಸಾಂಬ್ರಾಣಿ ಹೊಗೆ ಅವಳಿಗೆ ಆಗದು. ಅದು ಗೊತ್ತಿದ್ದೂ ಆಯುಧಪೂಜೆಗೆಂದು ಪಡಸಾಲೆ ತುಂಬ ಹೊಗೆ ಹಾಕಿಸಿದ್ದ. ವರ್ಷಕ್ಕೊಂದು ದಿನ, ಏನು ಮಹಾ ಆಗುತ್ತೆ ಎಂದುಕೊಂಡಿದ್ದ.

ಪಡಸಾಲೆಯ ನಡುವೆ ಚೆಂಡುಹೂವಿನ ಹಾರ ಹಾಕಿಕೊಂಡು, ವಿಭೂತಿ ಬಳಿಸಿಕೊಂಡು ಹೊಸ ಬುಲೆಟ್ ನಿಂತಿತ್ತು. ಅದರ ಮುಂದೆ ಮಣೆಯ ಮೇಲೆ ಆರು ಗುಂಡಿನ ರಿವಾಲ್ವರ್. ಮಾಂಬಳ್ಳಿಯ ಉಳಿದ ಜಮೀನುದಾರರಿಗೆ ಇಸ್ಪೀಟಿನ ಹುಚ್ಚೋ ನಾಟಕದ ಹುಚ್ಚೋ ಇದ್ದರೆ, ಇವನಿಗೆ ಇವೆರಡರ ಹುಚ್ಚು. ರಿವಾಲ್ವರಿಗಾಗಿ ಮೈಸೂರಿಗೆ ಏಳು ಸಲ ಹೋಗಿದ್ದ. ಹಿಡಿ ಅಂಗೈಗೆ ಒಗ್ಗಲಿಲ್ಲವೆಂದು ಐದನ್ನು ಬೇಡವೆಂದಿದ್ದ. ಅಷ್ಟು ಆರಿಸಿ ತಂದದ್ದರಿಂದ ಇದುವರೆಗೆ ಹೊಡೆದದ್ದು ಒಂದು ಎಳನೀರು. ಮೋಟಾರ್ ಸೈಕಲ್ಲಿನ ಕಥೆಯೂ ಅದೇ. ಜಾವಾ ಓಡಿಸಿ ನೋಡಿದ, ರಾಜ್‌ದೂತ್ ಓಡಿಸಿ ನೋಡಿದ, ಕೊನೆಗೆ ಬುಲೆಟ್ಟಿನ ಸದ್ದಿಗೆ ಸೋತ.

"ಗಾಡಿ ಆರ್ಸಕೆ ನಾಕು ತಿಂಗ್ಳು ತಕಂಡ್ರಿ. ನನ್ನ ನೋಡಕೆ ಬಂದಾಗ ಒಂದು ಲೋಟ ಹಾಲು ಕುಡಿಯೋ ಹೊತ್ತೂ ಕೂತಿರ್ನಿಲ್ಲ" ಎಂದು ಶಿವರತ್ನಮ್ಮ ಹಿಂದಿನ ದಿನವಷ್ಟೇ ರೇಗಿಸಿದ್ದಳು. ಈಗ ಅವಳು ಗೋಡೆಗೆ ಒರಗಿ, ಎರಡೂ ಕೈ ನೆಲಕ್ಕೆ ಊರಿ, ಉಸಿರು ಎಳೆಯಲು ಒದ್ದಾಡುತ್ತಿದ್ದಳು. ತುಟಿ ನೀಲಿಯಾಗಿತ್ತು.

"ಕೂಸೇ, ಇದ್ಯಾಕೋ ಯಾವತ್ತಿನಂಗಿಲ್ಲ" ಎಂದಳು ಪುಟ್ಟಮಲ್ಲಪ್ಪನ ತಾಯಿ ಚನ್ನಮಲ್ಲಮ್ಮ. "ಹಬ್ಬದ ದಿನ ಬಸ್ಸೂ ಇಲ್ಲ. ನಿನ್ನ ಗಾಡಿಲಿ ಕೂರುಸ್ಕಂಡು ಕೊಳ್ಳೇಗಾಲದ ಆಸ್ಪತ್ರೆಗೆ ಓಗು. ಅರ್ಧ ಗಂಟೆ ದಾರಿ."

"ಪೂಜೆಗೆ ಕೂರ್ಸಿವ್ನಿ ಕನವ್ವ. ನಾಳೆ ಬೆಳಿಗ್ಗೆ ಮರುಪೂಜೆ ಆಗೋಗಂಟ ಮುಟ್ಬಾರ್ದು, ಎಬ್ಬುಸ್ಬಾರ್ದು ಅಂತ ಏಳ್ಕೊಟ್ಟೋಳು ನೀನೇ ಅಲ್ವಾ?"

"ನಾನೇ ಏಳ್ತಾವ್ನಿ, ತಗಿ ಅಂತ. ಪಾಪ ಬಂದ್ರೆ ನಂಗೇ ಬರ್ಲಿ."

ಪುಟ್ಟಮಲ್ಲಪ್ಪ ಗಾಡಿಯ ಹತ್ತಿರ ಹೋದ. ಹ್ಯಾಂಡಲಿನ ಮೇಲೆ ಕೈಯನ್ನೂ ಇಟ್ಟ. ಇಡುತ್ತಲೇ ಹಳೆಯ ಗಾಡಿ ನೆನಪಾಯಿತು. ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದದ್ದು. ಒಂದು ವರ್ಷ ಇದೇ ದಿನ, ಮರುಪೂಜೆಗೆ ಕಾಯದೆ, ಯಳಂದೂರಿನಲ್ಲಿ ಮೆರೆಯಲು ಹೋಗಿದ್ದ. ಮೂರೇ ದಿನಕ್ಕೆ ಅದರ ಇಂಜಿನ್ ಹಿಡಿದುಕೊಂಡು, ಮತ್ತೆ ಏಳಲೇ ಇಲ್ಲ. ದೇವರಿಗೆ ಅಷ್ಟಾಗಿ ಹೆದರದವನು ಅಂದಿನಿಂದ ಇದೊಂದಕ್ಕೆ ಹೆದರುತ್ತಿದ್ದ. ಇವಳ ಗೂರಲು ಬರುತ್ತೆ, ಹೋಗುತ್ತೆ, ಮದುವೆಯಾದಂದಿನಿಂದ ನೋಡುತ್ತಿದ್ದೇನೆ. ಇಂಜಿನ್ ಹೋದರೆ ಹೋಯಿತು. ಹೀಗೆಂದುಕೊಂಡು ಕೈ ತೆಗೆದ, ಪಾಪಿ.

"ಸಂಜೆಗೆಲ್ಲ ಇಳೀತದೆ. ಬಿಸಿನೀರು ಕೊಡವ್ವ" ಎಂದ.

ಶಿವರತ್ನಮ್ಮನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಕೈ ಎತ್ತಿ ಬುಲೆಟ್ಟಿನ ಕಡೆ ತೋರಿಸಿದಳು. ಅವಳು ಕೇಳಿದ್ದೇನೆಂದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. "ನಾಳೆ ಬೆಳಿಗ್ಗೇಲೇ ಓಗವ. ಕೋಳಿ ಕೂಗ್ತಲೇ ಪೂಜೆ ಮಾಡ್ಬುಡ್ತೀನಿ" ಎಂದು ಬೆನ್ನು ಸವರಿದ.

ಹೊತ್ತು ಇಳಿಯುವಾಗ ಆಳು ದೊಡ್ಡಸಿದ್ದಯ್ಯ ಹಬ್ಬದ ಪುರಿ ಕಡಲೆಗೆಂದು ಬಂದ. ಬಾಗಿಲಿನಿಂದಲೇ ಒಳಗೆ ನೋಡಿ ಗಾಬರಿಯಾದ.

"ಬುದ್ಧಿ, ಅವ್ವೋರ ಕಣ್ಣು ಮೇಲಕ್ಕೆ ಓಯ್ತಾ ಅವೆ! ಎತ್ತಿನ ಗಾಡಿ ಊಡ್ತೀನಿ."

"ಅದುಕ್ಕೂ ಪೂಜೆ ಆಯ್ತಲ್ಲೋ."

"ಆಯ್ತು ಬುದ್ಧಿ. ನಾನೇ ಮಾಡಿದ್ದು" ಎಂದವನೇ ನೊಗಕ್ಕೆ ಕಟ್ಟಿದ್ದ ಬಾಳೆಕಂದು ಕಿತ್ತೆಸೆದು ಎತ್ತು ಹೂಡಿದ. ಪುಟ್ಟಮಲ್ಲಪ್ಪ ಹೆಂಡತಿಯನ್ನು ಎತ್ತಿಕೊಂಡು ಹತ್ತಿದ.

ಎತ್ತಿನ ಗಾಡಿಗೆ ಕೊಳ್ಳೇಗಾಲ ಮೂರು ಗಂಟೆಯ ದಾರಿ. ಗದ್ದೆ ಬಯಲಿನ ನಡುವೆ, ಇನ್ನೂ ಅರ್ಧ ದಾರಿ ಇರುವಾಗ, ಅವಳ ಗೂರಲು ನಿಂತಿತು. ಪುಟ್ಟಮಲ್ಲಪ್ಪನ ಎದೆ ಹಗುರಾಯಿತು.

"ಕಮ್ಮಿ ಆಯ್ತು ಕನ, ಸಿದ್ದಯ್ಯ. ನಾನೇಳ್ನಿಲ್ವ, ಸಂಜೆಗೆ ಇಳೀತದೆ ಅಂತ?"

ದೊಡ್ಡಸಿದ್ದಯ್ಯ ತಿರುಗಿ ನೋಡಿದ. ಎತ್ತು ನಿಲ್ಲಿಸಿದ. ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಇಳಿದು, ಎತ್ತಿನ ಹಗ್ಗ ಹಿಡಿದು, ಗಾಡಿಯನ್ನು ಮಾಂಬಳ್ಳಿಯ ಕಡೆಗೆ ತಿರುಗಿಸಿದ.

ಬೆಳಗಾಯಿತು. ಸತ್ತವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹತ್ತಿರದ ಊರುಗಳಿಗೆ ಸೈಕಲ್ಲಿನಲ್ಲಿ ಸುದ್ದಿ ಹೋಗಿತ್ತು. ಅವಳ ತವರು ಹನೂರಿನ ಕಡೆಯ ಬಂಡಳ್ಳಿ. ಅಲ್ಲಿಗೆ ಇನ್ನೂ ಯಾರೂ ಹೋಗಿರಲಿಲ್ಲ. ಚನ್ನಮಲ್ಲಮ್ಮ ಸೊಸೆಯ ಹಣೆಗೆ ವಿಭೂತಿ ಹಚ್ಚಿದಳು. ಅದೇ ತಟ್ಟೆ ಹಿಡಿದು ಬುಲೆಟ್ಟಿನ ಹತ್ತಿರ ಬಂದು, ಅದಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕರ್ಪೂರ ಬೆಳಗಿದಳು.

"ಮರುಪೂಜೆ ಆಯ್ತು" ಎಂದಳು. ಮಗನ ಮುಖ ನೋಡಲಿಲ್ಲ. "ಓಗು. ಬಂಡಳ್ಳಿಲಿ ಅವ್ಳ ಅಪ್ಪಂಗೆ ಏಳ್ಬುಟ್ಟು ಬಾ. ಈ ಗಾಡಿ ಓಡ್ಸಕೆ ನಿನ್ನ ಬುಟ್ರೆ ಈ ಊರಲ್ಲಿ ಇನ್ಯಾರ್ಗೂ ಬರಾಕಿಲ್ಲ."

ಜನ ದಾರಿ ಬಿಟ್ಟರು. ಪುಟ್ಟಮಲ್ಲಪ್ಪ ಬುಲೆಟ್ಟನ್ನು ಬೀದಿಗೆ ತಳ್ಳಿಕೊಂಡು ಬಂದು ಹತ್ತಿ ಕೂತ. ಇವತ್ತೊಂದು ದಿನ ಕೈಕೊಡಲಿ, ಇಂಜಿನ್ ಸುಟ್ಟುಹೋಗಲಿ, ಏನಾದರೂ ಆಗಲಿ ಎಂದು ಬೇಡಿಕೊಳ್ಳುತ್ತ ಕಿಕ್ಕರ್ ಒದ್ದ.

ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು.