ಹದಿನೆಂಟೂವರೆ ಇಂಚಿನ ಭುಜ

ಪರದೆಯ ಮೇಲೆ ಅಂತರಿಕ್ಷ ನೌಕೆಯ ಬಾಗಿಲು ತೆರೆದು, ಕ್ಯಾಪ್ಟನ್ ಬರಬೇಕಾದ ಜಾಗದಲ್ಲಿ ಒಂದು ರೋಬೋ ಬಂದಾಗ ದರ್ಜಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. "ನಿನ್ನ ಕ್ಯಾಪ್ಟನ್ನನ್ನ ತೆಗೆದೇ ಬಿಟ್ಟಿದ್ದಾರಲ್ಲೇ!" ಎಂದು ಪಕ್ಕದಲ್ಲಿದ್ದ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಈ ಸಿನಿಮಾಕ್ಕೆ ಮೂಲವಾದ ಕಾದಂಬರಿ ಬರೆದವಳು ಅವಳೇ.

"ಹೋಗ್ಲಿ ಬಿಡಿ, ಸಿನಿಮಾ ಅಂದ್ಮೇಲೆ ಹಾಗೇನೇ," ಎಂದಳು.

ಆರು ವರ್ಷಗಳಿಂದ ಆ ಕ್ಯಾಪ್ಟನ್ ಅವನ ಹೊಟ್ಟೆ ಉರಿಸುತ್ತಲೇ ಬಂದಿದ್ದ. ಕರಡು ಓದಿದ ದಿನವೇ ದರ್ಜಿ ಕೇಳಿದ್ದ: "ಭುಜ ಹದಿನೆಂಟೂವರೆ ಇಂಚು ಅಂತ ಬರ್ದಿದ್ದೀಯಲ್ಲ, ಯಾರನ್ನ ಅಳೆದೆ?" "ಯಾರನ್ನೂ ಇಲ್ಲ ರೀ, ಕಥೆ ಅದು," ಎಂದು ನಕ್ಕಿದ್ದಳು. ದರ್ಜಿಯ ಭುಜ ಹದಿನಾರೇ ಇಂಚು. ಹದಿನೆಂಟು ಅಂದಿದ್ದರೆ ನಂಬುತ್ತಿದ್ದನೇನೋ. ಟೇಪು ಹಿಡಿಯದೆ ಆ ಅರ್ಧ ಇಂಚು ಯಾರಿಗೂ ಹೊಳೆಯುವುದಿಲ್ಲ. ಅಂತೂ ಪೀಡೆ ತೊಲಗಿತು. ಅವನು ಹೆಂಡತಿಯ ಎಡಗೈ ಹಿಡಿದುಕೊಂಡು ಹಾಯಾಗಿ ಕಾಲು ಚಾಚಿದ.

ನಾಯಕಿ ಒಬ್ಬಳೇ ನೌಕೆಯಿಂದ ಹೊರಗಿಳಿಯುವ ದೃಶ್ಯ ಬಂತು. ಪುಸ್ತಕದಲ್ಲಿ ಕ್ಯಾಪ್ಟನ್ ಅವಳ ಎಡಗೈಗೆ ತಾನೇ ಗ್ಲೌಸು ತೊಡಿಸಿ, "ಬೇಗ ಬಾ, ಕಾಯ್ತಿರ್ತೀನಿ," ಅನ್ನುತ್ತಾನೆ. ಅವಳು ಏನೂ ಹೇಳದೆ ಹೊರಟುಹೋಗುತ್ತಾಳೆ. ಇಲ್ಲಿ ರೋಬೋ ಸುಮ್ಮನೆ ಒಂದು ಗುಂಡಿ ಒತ್ತಿತು, ಅಷ್ಟೇ. ದರ್ಜಿ ನಗಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಅವನ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡಳು. ತಿರುಗಿ ನೋಡಿದರೆ, ಅವಳು ಐದೂ ಬೆರಳು ಅಗಲಿಸಿ ಆ ಎಡಗೈಯನ್ನು ಕತ್ತಲೆಗೆ ಚಾಚಿದ್ದಳು, ಯಾರೋ ಗ್ಲೌಸು ತೊಡಿಸಲಿ ಎಂಬಂತೆ.

"ಬಂದೆ, ಇರು," ಎಂದಳು, ದರ್ಜಿಗೆ ಕೇಳಿಯೂ ಕೇಳದಷ್ಟು ಮೆಲ್ಲಗೆ.